ಹಡಗಿನ ಮೂರನೇ ಮಂಚ

ಗಲ್ಫಿನಲ್ಲಿ ದುಡಿಯುವವರ ರಜೆ ಅವರದ್ದಲ್ಲ, ಊರಿನದ್ದು. ಮದುವೆಯಾಗಿ ದುಬೈಗೆ ಬಂದ ಮೊದಲ ತಿಂಗಳಲ್ಲೇ ನನಗೆ ಇದು ಗೊತ್ತಾಯಿತು. ಅಲ್ ಕುಸೈಸಿನ ನಮ್ಮ ಕಟ್ಟಡದಲ್ಲಿ ಯಾರಿಗಾದರೂ ರಜೆ ಸಿಕ್ಕಿತೆಂದರೆ ಎಲ್ಲಿಗೆ ಹೋಗುತ್ತೀರಿ ಎಂದು ಯಾರೂ ಕೇಳುತ್ತಿರಲಿಲ್ಲ. ಯಾವಾಗ ಹೊರಡುತ್ತೀರಿ, ನನ್ನದೊಂದು ಸಣ್ಣ ಪೊಟ್ಟಣ ಇದೆ ಎನ್ನುತ್ತಿದ್ದರು. ರಜೆಯಲ್ಲಿ ಊರು ಬಿಟ್ಟು ಬೇರೆಲ್ಲಿಗೋ ಹೋದವರ ಕಥೆ ನಾನು ಕೇಳಿರಲಿಲ್ಲ. ಹಾಗೆ ಹೋದ ಮೊದಲಿಗರು ನಾವೇ ಆದೆವು, ಅದನ್ನೂ ಕದ್ದು ಮಾಡಿದೆವು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮವರು ಜೆಬೆಲ್ ಅಲಿಯಲ್ಲಿ, ಬಂದರಿಗೆ ಬರುವ ಹಡಗುಗಳಿಗೆ ಹಗ್ಗ, ಬಣ್ಣ, ದಿನಸಿ ಒದಗಿಸುವ ಒಂದು ಕಂಪನಿಯಲ್ಲಿದ್ದರು. ನಾನು ಅಲ್ ಮುರಕ್ಕಬಾತಿನ ಒಂದು ಟೈಪಿಂಗ್ ಸೆಂಟರಿನಲ್ಲಿ ಕೂತು ಊರವರ ವೀಸಾ ಅರ್ಜಿಗಳನ್ನೆಲ್ಲ ಬಡಿಯುತ್ತಿದ್ದೆ. ಆ ವರ್ಷ ಜೂನಿನಲ್ಲಿ ನಮಗೆ ರಜೆ ಎಂದು ನಿಗದಿಯಾಗಿತ್ತು. ಕುಂದಾಪುರದ ಮನೆಗೆ ಫೋನು ಮಾಡಿ ಹೇಳಿಯೂ ಆಗಿತ್ತು. ಹೊರಡಲು ಎರಡು ವಾರ ಇರುವಾಗ ಕಂಪನಿಗೆ ದೊಡ್ಡ ಕೆಲಸವೊಂದು ಬಂದು ರಜೆ ರದ್ದಾಯಿತು. ಅತ್ತೆಗೆ ಹೇಳಿದೆವು. ಅವರು "ಆಯ್ತ್, ಕೆಲ್ಸ ಇದ್ರೆ ಎಂತ ಮಾಡುದ್" ಎಂದು ಫೋನಿಟ್ಟರು.

ಆದರೆ ಪೆಟ್ಟಿಗೆ ಆಗಲೇ ಅರ್ಧ ತುಂಬಿತ್ತು. ಪೆಟ್ಟಿಗೆ ಎಂದರೆ ಟೀವಿ ಬಂದಿದ್ದ ರಟ್ಟಿನ ಪೆಟ್ಟಿಗೆ. ಹಾಲಿನ ಪುಡಿ, ಖರ್ಜೂರ, ನೋವಿನ ಬಾಮು, ಟಾರ್ಚು, ಸಾಬೂನು, ಭಾವನಿಗೆ ಅಂಗಿ ಬಟ್ಟೆ, ಅತ್ತೆಗೆ ಒಂದು ತಿಳಿ ನೀಲಿ ಸೀರೆ. ಅದಕ್ಕೆ ನೀಲಿ ನೈಲಾನ್ ಹಗ್ಗ ಬಿಗಿದು, ಆರೂ ಮಗ್ಗುಲಿಗೆ ಕಪ್ಪು ಬಣ್ಣದಲ್ಲಿ ಹೆಸರು, ವಿಳಾಸ ಬರೆಯುವುದು ನಮ್ಮವರ ಕೆಲಸ. ಎಲ್ಲರೂ ಪೆಟ್ಟಿಗೆಯ ಮೇಲೆ ತಮ್ಮ ಹೆಸರು ಬರೆದರೆ ಇವರು ತಮ್ಮ ತಾಯಿಯ ಹೆಸರನ್ನು ದೊಡ್ಡದಾಗಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ದಾರಿಯಲ್ಲಿ ನಾವು ಕಳೆದುಹೋದರೂ ಪೆಟ್ಟಿಗೆ ಮನೆ ಮುಟ್ಟಬೇಕು ಎಂಬುದು ಅವರ ಲೆಕ್ಕಾಚಾರ. ರಜೆ ರದ್ದಾದ ಮೇಲೆ ಆ ಪೆಟ್ಟಿಗೆ ಬಾಲ್ಕನಿಯಲ್ಲಿ, ನನ್ನ ಕರಿಬೇವಿನ ಕುಂಡದ ಪಕ್ಕ ಕೂತಿತು.

ಆಗಸ್ಟಿನಲ್ಲಿ ನಮ್ಮವರ ಮ್ಯಾನೇಜರು ಅವರನ್ನು ಕರೆದರು. ಅವರು ಗ್ರೀಕ್ ಮನುಷ್ಯ, ದೊಡ್ಡ ದನಿ, ಚಿಕ್ಕ ಕೋಪ. ನೀನು ಕಂಪನಿಗೆ ಬಂದು ಹತ್ತು ವರ್ಷವಾಯಿತು, ಜೂನಿನಲ್ಲಿ ರಜೆಯನ್ನೂ ಬಿಟ್ಟೆ, ಅದಕ್ಕೊಂದು ಉಡುಗೊರೆ ಎಂದರಂತೆ. ಅವರ ಭಾವನದ್ದೊಂದು ಸಣ್ಣ ಹಡಗು, ಇಪ್ಪತ್ತು ಕೋಣೆಯದ್ದು, ಗ್ರೀಸಿನ ದ್ವೀಪಗಳನ್ನು ಒಂದು ವಾರದಲ್ಲಿ ಸುತ್ತಿಸಿಕೊಂಡು ಬರುತ್ತದೆ. ಸೆಪ್ಟೆಂಬರಿನ ಕೊನೆಗೆ ಒಂದು ಕೋಣೆ ಖಾಲಿ ಇದೆ. "ಮೂರು ಮಂಚದ ಕೋಣೆ, ನಿನ್ನ ತಾಯಿಯನ್ನೂ ಕರೆದುಕೊಂಡು ಹೋಗು" ಎಂದೂ ಹೇಳಿದರಂತೆ.

ನಮ್ಮವರು ಅಲ್ಲೇ, ನಿಂತ ಕಾಲಲ್ಲೇ, ಅಮ್ಮನಿಗೆ ಬಸ್ಸಿನಲ್ಲಿ ಕೂತರೇ ತಲೆ ಸುತ್ತುತ್ತದೆ, ಹಡಗಂತೂ ಸಾಧ್ಯವೇ ಇಲ್ಲ ಎಂದುಬಿಟ್ಟರು. ಮನೆಗೆ ಬಂದು ನನಗೂ ಹಾಗೆಯೇ ವರದಿ ಮಾಡಿದರು. ನಾನು ಹೌದೇ ಎಂದೂ ಕೇಳಲಿಲ್ಲ. ನಿಜ ಹೇಳುತ್ತೇನೆ, ಮೂರನೇ ಮಂಚದ ಬಗ್ಗೆ ಆ ದಿನ ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಮದುವೆಯಾಗಿ ಮೂರು ವರ್ಷ ಆಗಿತ್ತು. ನಾವಿಬ್ಬರೇ ಎಲ್ಲಿಗಾದರೂ ಹೋದದ್ದೆಂದರೆ ಶುಕ್ರವಾರದ ತರಕಾರಿ ಮಾರ್ಕೆಟ್ಟಿಗೆ ಮಾತ್ರ.

ನನ್ನ ಅತ್ತೆಯನ್ನು ಇಲ್ಲಿ ಸ್ವಲ್ಪ ಪರಿಚಯಿಸಬೇಕು. ಆಗ ಅವರಿಗೆ ಅರವತ್ತರ ಆಸುಪಾಸು. ಕುಂದಾಪುರ ಪೇಟೆಯಲ್ಲಿ ಹಿರಿಮಗ, ಸೊಸೆ, ನಾಲ್ಕು ಮೊಮ್ಮಕ್ಕಳ ಜೊತೆ ಗದ್ದಲದ ಮನೆ. ಆ ಗದ್ದಲದಲ್ಲಿ ಅರ್ಧ ಅವರದ್ದೇ. ಹಪ್ಪಳ ಮಾಡಿಸಿ ಅಂಗಡಿಗಳಿಗೆ ಹಾಕುತ್ತಿದ್ದರು, ಕೈಕೆಳಗೆ ಆರು ಹೆಂಗಸರು. ಯಾರಾದರೂ ಸುಳ್ಳು ಹೇಳಿದರೆ ಬೈಯುತ್ತಿರಲಿಲ್ಲ. ಸುಳ್ಳು ಪೂರ್ತಿ ಮುಗಿಯುವವರೆಗೆ ಸುಮ್ಮನೆ ಕೇಳಿ, ಆಮೇಲೆ ಒಂದೇ ಒಂದು ಪ್ರಶ್ನೆ ಹಾಕುತ್ತಿದ್ದರು. ನಾನು ಆ ಪ್ರಶ್ನೆಗೆ ಹೆದರುತ್ತಿದ್ದೆ.

ಹಾಗಾದರೆ ಅವರಿಗೆ ಹೇಳುವುದು ಹೇಗೆ? ಜೂನಿನಲ್ಲಿ ರಜೆ ಇಲ್ಲ ಎಂದವರು ಸೆಪ್ಟೆಂಬರಿನಲ್ಲಿ ರಜೆ ಸಿಕ್ಕಿದೆ, ಆದರೆ ನಿಮ್ಮಲ್ಲಿಗಲ್ಲ ಎನ್ನಬೇಕು. ನಮ್ಮವರು ಎರಡು ಶುಕ್ರವಾರ ಫೋನು ಹಿಡಿದು ಗಂಟಲು ಸರಿಮಾಡಿಕೊಂಡರು, ಎರಡು ಸಲವೂ ಮಳೆ ಹೇಗಿದೆ ಎಂದು ಕೇಳಿ ಮುಗಿಸಿದರು. ಮೂರನೇ ಸಲ, ನಾವು ಸುಳ್ಳು ಹೇಳುತ್ತಿಲ್ಲವಲ್ಲ, ಮೊದಲು ಹೇಳಿದ ನಿಜವನ್ನು ತಿದ್ದುತ್ತಿಲ್ಲ ಅಷ್ಟೇ ಎಂದು ನನಗೆ ಸಮಜಾಯಿಷಿ ಕೊಟ್ಟರು. ನನಗೂ ಅದೇ ಅನುಕೂಲವಾಗಿತ್ತು. ಒಂದು ವಾರದ ಮಾತು, ನಡುವೆ ಬರುವುದು ಒಂದೇ ಶುಕ್ರವಾರ. ಆ ದಿನ ಯಾವುದಾದರೂ ದ್ವೀಪದಿಂದ ಫೋನು ಮಾಡಿದರಾಯಿತು.

ಶುಕ್ರವಾರದ ಫೋನು ನಮ್ಮ ಮನೆಯ ನೇಮ. ದುಬೈಯ ಹನ್ನೆರಡೂವರೆ, ಕುಂದಾಪುರದ ಎರಡು ಗಂಟೆ. ಅತ್ತೆ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಫೋನಿನ ಪಕ್ಕ ಕೂತಿರುತ್ತಿದ್ದರು. ನಮ್ಮ ಮನೆಯ ಎದುರಿಗೇ ಮಸೀದಿ. ಆ ಹೊತ್ತಿಗೆ ಅಲ್ಲಿ ಮೈಕಿನಲ್ಲಿ ಪ್ರವಚನ ನಡೆದಿರುತ್ತಿತ್ತು. ಅದು ಕಿವಿಗೆ ಬಿದ್ದ ಮೇಲೆಯೇ ಅತ್ತೆ ಮಾತು ಶುರುಮಾಡುತ್ತಿದ್ದರು.

ಗ್ರೀಸಿನ ವೀಸಾಕ್ಕೆ ಅಬುಧಾಬಿಗೆ ಹೋಗಬೇಕಿತ್ತು. ಕಂಪನಿಯ ಕಪಾಟಿನಲ್ಲಿ ಬೀಗದೊಳಗಿದ್ದ ನಮ್ಮವರ ಪಾಸ್‌ಪೋರ್ಟು ಮ್ಯಾನೇಜರ ಒಂದೇ ಮಾತಿಗೆ ಹೊರಗೆ ಬಂತು. ಅರ್ಜಿಯನ್ನು ನಾನೇ ಟೈಪು ಮಾಡಿದೆ. ಪ್ರಯಾಣದ ಉದ್ದೇಶ ಎಂಬ ಜಾಗದಲ್ಲಿ ಅಲ್ಲಿಯವರೆಗೆ ಸಾವಿರಾರು ಜನರಿಗೆ ಉದ್ಯೋಗ, ಕುಟುಂಬ ಭೇಟಿ ಎಂದು ಬಡಿದಿದ್ದ ನಾನು, ಅಂದು ನನ್ನ ಹೆಸರಿನ ಕೆಳಗೆ ವಿಹಾರ ಎಂದು ಬಡಿದೆ. ಬಡಿದು ಸುತ್ತ ನೋಡಿದೆ, ಯಾರಾದರೂ ಕಂಡರೇನೋ ಎಂದು.

ಇನ್ನು ಸಾಮಾನು. ಹಡಗಿನವರು ಕಳಿಸಿದ ಕಾಗದದಲ್ಲಿ, ಕೋಣೆಗಳು ಚಿಕ್ಕವು, ಮಡಚಿ ಇಡಬಹುದಾದ ಮೆತ್ತಗಿನ ಬ್ಯಾಗು ಮಾತ್ರ ತನ್ನಿ ಎಂದಿತ್ತು. ನನಗೆ ಅದು ನಮ್ಮಂಥವರಿಗೆ ಹೇಳಿದ ಮಾತು ಅನ್ನಿಸಲಿಲ್ಲ. ಏಳು ದಿನ ಬೇರೆಯವರ ಅಡುಗೆಯನ್ನು ನಂಬಿ ಹೊರಡುವುದು ಹೇಗೆ? ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಒಣಮೀನಿನ ಚಟ್ನಿ, ಇವೆಲ್ಲ ಬೇಡವೇ? ಬಿಟ್ಟಿ ಟಿಕೆಟಿನಲ್ಲಿ ಒಬ್ಬರ ಹಡಗಿಗೆ ಹೋಗುತ್ತ ಕೈ ಬೀಸಿಕೊಂಡು ಹೋಗುವುದು ಮರ್ಯಾದೆಯೇ? ಬಾಲ್ಕನಿಯಲ್ಲಿ ಪೆಟ್ಟಿಗೆ ಅರ್ಧ ತುಂಬಿ ಕೂತೇ ಇತ್ತು. ಹಗ್ಗ ಬಿಚ್ಚಿ, ತಿನ್ನುವ ಸಾಮಾನು ಮೇಲೆ ತುಂಬಿ, ಮತ್ತೆ ಬಿಗಿಸಿದೆ. ನಮ್ಮವರು ಕಾಗದ ತೋರಿಸಿ ಏನೋ ಹೇಳಲು ಬಂದರು. ಹಸಿವಾದಾಗ ಆ ಕಾಗದ ತಿನ್ನಿ ಎಂದೆ. ಖಲಾಸ್ ಎಂದು ಕೈಚೆಲ್ಲಿದರು.

ಮನೆಯ ಕೀಲಿಯನ್ನು ಪಕ್ಕದ ಫ್ಲ್ಯಾಟಿನ ಭಟ್ಕಳದ ಅಕ್ಕನಿಗೆ ಕೊಟ್ಟೆ. ಅವರ ಯಜಮಾನರದ್ದು ದೇರಾದಲ್ಲಿ ಬಟ್ಟೆ ವ್ಯಾಪಾರ. ಆಕೆ ನನಗೆ ದುಬೈಯಲ್ಲಿ ಸಿಕ್ಕಿದ ತವರು. ಕರಿಬೇವಿಗೆ ದಿನಾ ನೀರು ಹಾಕಿ ಎಂದೆ. ಹಡಗಿನಲ್ಲಿ ಗ್ರೀಸಿಗೆ ಹೋಗುತ್ತಿದ್ದೇವೆ ಎಂದೂ ಹೇಳಿದೆ. ಇದು ಗುಟ್ಟು ಎಂದು ಮಾತ್ರ ಹೇಳಲಿಲ್ಲ. ಅವರಿಗೂ ನಮ್ಮ ಅತ್ತೆಗೂ ಏನು ಸಂಬಂಧ ಎಂದುಕೊಂಡೆ. ಪೆಟ್ಟಿಗೆಯನ್ನು ಮೆಟ್ಟಿಲಿಳಿಸುವಾಗ ಆಕೆ ಬಾಗಿಲಲ್ಲಿ ನಿಂತು, ಅದರ ಮೇಲಿನ ಹೆಸರು ಓದಿ, ಸಂತೋಷದಿಂದ ತಲೆಯಾಡಿಸಿದರು. ಆ ಸಂತೋಷ ಯಾತಕ್ಕೆಂದು ಆಗ ನನಗೆ ಹೊಳೆಯಲಿಲ್ಲ.

ಅಥೆನ್ಸಿನ ಪಕ್ಕದ ಪಿರೇಯಸ್ ಬಂದರಿನಲ್ಲಿ ಹಡಗು ಹತ್ತಿದೆವು. ಸಾಲಾಗಿ ನಿಂತ ಜರ್ಮನರು, ಇಂಗ್ಲಿಷಿನವರು ಎಲ್ಲರ ಕೈಯಲ್ಲೂ ದಿಂಬಿನಷ್ಟೇ ಸಣ್ಣ ಬ್ಯಾಗು. ನಮ್ಮ ಪೆಟ್ಟಿಗೆಯನ್ನು ಇಬ್ಬರು ಹಿಡಿದು ಹಲಗೆ ದಾಟಿಸಬೇಕಾಯಿತು. ಹಡಗಿನ ಊಟ, ಕೋಣೆ ನೋಡಿಕೊಳ್ಳುವ ಸ್ಟೂವರ್ಡು ಐವತ್ತು ದಾಟಿದ, ಬಿಳಿ ಮೀಸೆಯ ಗಂಭೀರ ಮನುಷ್ಯ. ಕೋಣೆಯಲ್ಲಿ ಕೆಳಗೆ ಎರಡು ಮಂಚ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಪೆಟ್ಟಿಗೆಯನ್ನು ಎಲ್ಲಿಟ್ಟರೂ ಬಾಗಿಲು ಹಾಕಲು ಬರಲಿಲ್ಲ. ಕೊನೆಗೆ ಸ್ಟೂವರ್ಡು ಗೋಡೆಗೆ ಮಡಚಿಟ್ಟ ಮೂರನೇ ಮಂಚವನ್ನು ಎಳೆದು ಬಿಡಿಸಿ, ಪೆಟ್ಟಿಗೆಯನ್ನು ಅದರ ಮೇಲಿಟ್ಟು, ಬೀಳದಂತೆ ಪಟ್ಟಿ ಕಟ್ಟಿದ. ಅದರ ಮೇಲಿನ ಹೆಸರನ್ನು ಅಕ್ಷರ ಕೂಡಿಸಿ ಓದಿದ. ಓದಿ, ಹೊರಗೆ ಹೋಗಿ, ಮೂರು ಟವೆಲು ತಂದ.

ಸಂಜೆ ಊಟದ ಮನೆಯಲ್ಲಿ ನಮ್ಮ ಮೇಜಿಗೆ ಮೂರು ತಟ್ಟೆ. ನಾವಿಬ್ಬರೇ ಎಂದು ನಮ್ಮವರು ಎರಡು ಬೆರಳು ತೋರಿಸಿದರು. ಸ್ಟೂವರ್ಡು ಮೂರನೇ ಕುರ್ಚಿ ತೋರಿಸಿ ಮೇಡಂ ಎಲ್ಲಿ ಎಂದ. ಅದು ತಾಯಿಯ ಹೆಸರು, ತಾಯಿ ಇಂಡಿಯಾದಲ್ಲಿ ಎಂದರು. ಅವನಿಗೆ ಇದ್ದ ಇಂಗ್ಲಿಷು ಹತ್ತಿಪ್ಪತ್ತು ಮಾತು, ನಮಗಿದ್ದ ಗ್ರೀಕು ಸೊನ್ನೆ. ಸಾಮಾನು ಬಂದಿದೆ, ಹೆಸರು ಇದೆ, ಮಂಚ ಇದೆ, ಹಾಗಾದರೆ ಮನುಷ್ಯರು ಬರಲೇಬೇಕು ಎಂಬುದು ಅವನ ತೀರ್ಮಾನ. ನಾಳೆ ಬರುತ್ತಾರೆ ಎಂದು ತಾನೇ ಸಮಾಧಾನ ಹೇಳಿಕೊಂಡು ಮೂರನೇ ತಟ್ಟೆಯನ್ನು ಅಲ್ಲೇ ಬಿಟ್ಟ.

ಮರುದಿನ, ಅದರ ಮರುದಿನ, ಪ್ರತಿ ದ್ವೀಪದಲ್ಲೂ ಹಡಗು ಕಟ್ಟೆಗೆ ತಾಗಿದ ಕೂಡಲೇ ಅವನು ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ಸೀರೆ ಉಟ್ಟವರು ಯಾರೂ ಬರದಿದ್ದಾಗ ನಮ್ಮ ಕಡೆ ನೋಡಿ ತಲೆ ಅಲ್ಲಾಡಿಸುತ್ತಿದ್ದ, ತಪ್ಪು ನಮ್ಮದೇ ಎಂಬಂತೆ. ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಮ್ಮವರೂ ಮೊದಲೆರಡು ದಿನ ನಕ್ಕರು.

ಆ ದಿನಗಳು ಎಷ್ಟು ಚೆನ್ನಾಗಿದ್ದವು ಎಂದರೆ ಈಗಲೂ ನನಗೆ ಹೇಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ಒಂದು ದ್ವೀಪ, ಸಂಜೆ ಇನ್ನೊಂದು. ಸುಣ್ಣ ಬಳಿದ ಮನೆಗಳು, ಬಾಗಿಲಿಗೆ ನೀಲಿ ಬಣ್ಣ, ಮೆಟ್ಟಿಲ ಮೇಲೆ ಬೆಕ್ಕು. ಹೆಂಗಸರು ಹೊಸಿಲಲ್ಲಿ ಕೂತು ಸೊಪ್ಪು ಸೋಸುತ್ತ ಹೋಗಿ ಬರುವವರನ್ನೆಲ್ಲ ಕಣ್ಣಲ್ಲೇ ತೂಗುತ್ತಿದ್ದರು. ಅಂಥ ನೋಟ ನಮ್ಮೂರಿನ ಜಗಲಿಗಳಲ್ಲಿ ನಾನು ಸಾಕಷ್ಟು ಕಂಡವಳು, ಹಾಗಾಗಿ ಪರದೇಶ ಅನ್ನಿಸಲಿಲ್ಲ. ಹಗ್ಗದ ಮೇಲೆ ಬಟ್ಟೆಯ ಹಾಗೆ ಎಂಟು ಕಾಲಿನ ಮೀನನ್ನು ಒಣಹಾಕಿದ್ದರು. ಬೂತಾಯಿಯಂಥದ್ದೇ ಸಣ್ಣ ಮೀನನ್ನು ಬರೀ ಉಪ್ಪು ಹಚ್ಚಿ ಹುರಿದು, ಮೇಲೆ ಲಿಂಬೆ ಹಿಂಡಿ ಕೊಡುತ್ತಿದ್ದರು. ನಾನು ಅದರ ಜೊತೆ ಚಟ್ನಿಪುಡಿ ತಿಂದೆ. ಹಡಗಿನ ಅಡುಗೆಯವನು ನೋಡಿ ತಾನೂ ತಿಂದ. ಅವನ ಕಣ್ಣಲ್ಲಿ ನೀರು ಬಂತು, ಆದರೂ ಮರುದಿನ ಬಟ್ಟಲು ಹಿಡಿದುಕೊಂಡು ಮತ್ತೆ ಬಂದ.

ಪೆಟ್ಟಿಗೆ ದಿನದಿನಕ್ಕೆ ಹಗುರಾಯಿತು. ಟಾರ್ಚು ಕ್ಯಾಪ್ಟನ್ನನ ಪಾಲಾಯಿತು, ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದ ಅಡುಗೆಯವನಿಗೆ ಬಾಮು, ಖರ್ಜೂರ ಎಲ್ಲರಿಗೂ. ಕ್ಯಾಪ್ಟನ್ನನಿಗೆ ಅದೆಷ್ಟು ಖುಷಿಯಾಯಿತೆಂದರೆ, ಒಂದು ಮಧ್ಯಾಹ್ನ ಸಮುದ್ರ ತಣ್ಣಗಿರುವಾಗ ಹಡಗಿನ ಚಕ್ರ ನನ್ನ ಕೈಗೆ ಕೊಟ್ಟ. ಸಲ್ವಾರ್ ಕಮೀಜ್ ಹಾಕಿಕೊಂಡು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಹತ್ತು ನಿಮಿಷ ನಾನು ಹಡಗು ನಡೆಸಿದೆ. ನಮ್ಮವರು ಫೋಟೋ ತೆಗೆದರು. ತೆಗೆದ ಮೇಲೆ, ಇದನ್ನು ಊರಿಗೆ ಕಳಿಸುವ ಹಾಗಿಲ್ಲವಲ್ಲ ಎಂದರು. ಅದನ್ನು ಕೇಳಿ ನನ್ನ ಉತ್ಸಾಹ ಸ್ವಲ್ಪ ಇಳಿಯಿತು.

ಗುರುವಾರ ಗಾಳಿ ಎದ್ದಿತು. ಪಾರೋಸಿನಿಂದ ನಾಕ್ಸೋಸಿಗೆ ಒಂದೆರಡು ತಾಸಿನ ದಾರಿ. ಅಷ್ಟರಲ್ಲಿ ನಮ್ಮವರ ಮುಖ ಹಸಿರು, ಹಳದಿ, ಬಿಳಿ ಎಲ್ಲ ಬಣ್ಣಗಳನ್ನೂ ಮುಗಿಸಿತು. ಹಡಗುಗಳಿಗೆ ಹತ್ತು ವರ್ಷ ಹಗ್ಗ ಮಾರಿದ ಮನುಷ್ಯ ಬಕೆಟ್ಟು ತಬ್ಬಿಕೊಂಡು ಮಲಗಿದ್ದರು. ಅಮ್ಮನಿಗೆ ತಲೆ ಸುತ್ತುತ್ತದೆ ಎಂದಿರಲ್ಲ ಎಂದೆ. ಆ ಸ್ಥಿತಿಯಲ್ಲೂ ನನ್ನನ್ನು ದುರುಗುಟ್ಟಿ ನೋಡಿದರು. ಸ್ಟೂವರ್ಡು ಲಿಂಬೆಹಣ್ಣು ತಂದುಕೊಟ್ಟು, ಪೆಟ್ಟಿಗೆಯ ಪಟ್ಟಿಯನ್ನು ಇನ್ನೊಮ್ಮೆ ಬಿಗಿದು ಹೋದ.

ಮರುದಿನ ಬೆಳಿಗ್ಗೆಯೇ ಪಿರೇಯಸಿಗೆ ಹೊರಡಬೇಕಿತ್ತು. ಗಾಳಿ ನಿಲ್ಲದೆ ಹೊರಡುವುದಿಲ್ಲ ಎಂದು ಕ್ಯಾಪ್ಟನ್ ಹಡಗನ್ನು ನಾಕ್ಸೋಸಿನ ಕಟ್ಟೆಯಲ್ಲೇ ನಿಲ್ಲಿಸಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹರಟುತ್ತಿದ್ದೆ. ಅಡುಗೆಯವನು ತನಗೆಂದು ಒಂದು ಸಣ್ಣ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತಿದ್ದ. ಮೀನಿಲ್ಲವೇ ಎಂದರೆ ಎದೆಯ ಮೇಲೆ ಶಿಲುಬೆ ಬರೆದುಕೊಂಡು, ಇವತ್ತು ಶುಕ್ರವಾರ, ನನಗೆ ವ್ರತ ಎಂದ.

ಶುಕ್ರವಾರ. ಆರು ದಿನ ದಿನವೂ ರಜೆಯೇ ಆಗಿದ್ದರಿಂದ ನಮಗೆ ಶುಕ್ರವಾರದ ಗುರುತೇ ಸಿಕ್ಕಿರಲಿಲ್ಲ. ಅವನ ಗಡಿಯಾರದಲ್ಲಿ ಹನ್ನೊಂದು ಕಾಲು. ಕುಂದಾಪುರದಲ್ಲಿ ಎರಡು ಗಂಟೆಗೆ ಕಾಲು ಗಂಟೆ ಇದೆ. ಅತ್ತೆ ಕೈ ತೊಳೆಯುತ್ತಿರಬೇಕು. ಓಡಿಹೋಗಿ ನಮ್ಮವರನ್ನು ಎಬ್ಬಿಸಿದೆ. ಶುಕ್ರವಾರ ಎಂಬ ಒಂದೇ ಮಾತಿಗೆ ಅವರ ಸಮುದ್ರದ ಕಾಯಿಲೆ ಬಿಟ್ಟು ಓಡಿತು.

ಕಟ್ಟೆಯ ಮೇಲೆ ಪತ್ರಿಕೆ, ಸಿಗರೇಟು ಮಾರುವ ಗೂಡಂಗಡಿ. ಅಲ್ಲಿ ಫೋನಿನ ಕಾರ್ಡು ಕೊಂಡೆವು. ಪಕ್ಕದಲ್ಲೇ ಫೋನಿನ ಡಬ್ಬ, ಒಳಗೆ ಒಬ್ಬ ಮುದುಕ ಯಾರಿಗೋ ಕಥೆ ಹೇಳುತ್ತಿದ್ದ. ನಮ್ಮವರು ಅವನೆದುರು ಕೈಮುಗಿದು ನಿಂತರು. ಮುದುಕ ಗಾಬರಿಯಾಗಿ ಫೋನಿಟ್ಟು ಹೊರಗೆ ಬಂದ. ನಂಬರು ತಿರುಗಿಸುವಾಗ ಸರಿಯಾಗಿ ಹನ್ನೊಂದೂವರೆ. ನಾನೂ ಒಳಗೆ ನುಗ್ಗಿ ಫೋನಿಗೆ ಕಿವಿ ಹಚ್ಚಿದೆ.

ಅತ್ತೆ ಮೊದಲ ಗಂಟೆಗೇ ಎತ್ತಿದರು. ನಮ್ಮವರು, ಎಲ್ಲ ಚೆನ್ನಾಗಿದ್ದೇವೆ, ಇಲ್ಲಿ ಸೆಕೆ, ಕೆಲಸ ಬಹಳ ಎಂದು ಒಂದೇ ಉಸಿರಿಗೆ ಹೇಳಿದರು. ಅತ್ತೆ ಹೂಂ, ಹೂಂ ಎಂದು ಕೇಳಿದರು.

"ಇವತ್ತ್ ಮಸೀದಿ ಮೈಕ್ ಕೇಂತಿಲ್ಲೆ?" ಎಂದರು.

"ಕರೆಂಟ್ ಹೋಯ್ತ್ ಅಮ್ಮ" ಎಂದರು ನಮ್ಮವರು.

ನಾನು ಹಣೆ ಬಡಿದುಕೊಂಡೆ. ದುಬೈಯಲ್ಲಿ ಕರೆಂಟು ಹೋಗುವುದೇ ಇಲ್ಲ ಎಂದು ಹತ್ತು ವರ್ಷದಿಂದ ಅಮ್ಮನ ಎದುರು ಜಂಬ ಕೊಚ್ಚಿದ್ದು ಇದೇ ಬಾಯಿ. ಅಷ್ಟರಲ್ಲಿ ಗಾಳಿ ಇಳಿದಿತ್ತೋ ಏನೋ, ಊರೊಳಗೆ ಚದುರಿದ ಪ್ರಯಾಣಿಕರನ್ನು ಕರೆಯಲು ನಮ್ಮ ಹಡಗು ಉದ್ದಕ್ಕೆ ಕೊಂಬು ಊದಿತು. ಫೋನಿನ ಡಬ್ಬವೇ ನಡುಗಿತು. ಅದೆಂಥ ಶಬ್ದ ಎಂದು ಅತ್ತೆ ಕೇಳಿದರು. ಲಾರಿ ಎಂದರು ನಮ್ಮವರು. ಫೋನನ್ನು ಅವಳ ಕೈಗೆ ಕೊಡು ಎಂದರು ಅತ್ತೆ.

ಕೊಟ್ಟರು.

"ಹೆಣೇ, ಆ ಲಾರಿ ಎಷ್ಟೊತ್ತಿಗೆ ಬಿಡ್ತ್?"

ಉತ್ತರಕ್ಕೆ ಕಾಯದೆ ಅತ್ತೆಯೇ ಹೇಳಿದರು. ನವರಾತ್ರಿಗೆ ನನಗೊಂದು ಸೀರೆ ತೆಗೆದಿದ್ದರಂತೆ. ರವಿಕೆ ಹೊಲಿಸಲು ಅಳತೆ ಕೇಳೋಣವೆಂದು ಬುಧವಾರ, ಎಂದೂ ಮಾಡದವರು, ಬೂತಿಗೆ ಹೋಗಿ ನಮ್ಮ ಮನೆಗೆ ಫೋನು ಮಾಡಿದ್ದಾರೆ. ಕರಿಬೇವಿಗೆ ನೀರು ಹಾಕುತ್ತಿದ್ದ ಭಟ್ಕಳದ ಅಕ್ಕ ಎತ್ತಿದ್ದಾರೆ. ಹಡಗಿನಲ್ಲಿ ಗ್ರೀಸಿಗೆ ಹೋಗಿದ್ದಾರೆ ಎಂದಿದ್ದಾರೆ. ತಾವು ಯಾರೆಂದು ಅತ್ತೆ ಹೇಳಿದಾಗ ಆಕೆಗೆ ಆಶ್ಚರ್ಯ. ಅಯ್ಯೋ ನೀವು ಹೋಗಲಿಲ್ಲವೇ, ಪೆಟ್ಟಿಗೆಯ ಮೇಲೆ ನಿಮ್ಮ ಹೆಸರೇ ಇತ್ತಲ್ಲ, ನಿಮ್ಮನ್ನು ಬೊಂಬಾಯಿಯಲ್ಲಿ ಹತ್ತಿಸಿಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ ಎಂದರಂತೆ. ಆಮೇಲೆ ಇಬ್ಬರೂ ಸೇರಿ ಒಣಮೀನಿನ ವಿಷಯ ಮಾತಾಡಿದರಂತೆ. ಒಳ್ಳೆಯ ಹೆಂಗಸು, ಸುಳ್ಳು ಬರುವುದಿಲ್ಲ ಎಂದು ಅತ್ತೆ ಸೇರಿಸಿದರು.

ಬೈಗುಳಕ್ಕೆ ಕಾದು ನಿಂತೆ. ಅವರು ಕೇಳಿದ್ದು ಹಡಗಿನ ಬಗ್ಗೆ. ಎಷ್ಟು ಉದ್ದ ಇದೆ, ಮರದ್ದೋ ಕಬ್ಬಿಣದ್ದೋ, ಅಲ್ಲಿನ ನೀರೂ ನಮ್ಮದರಷ್ಟೇ ಉಪ್ಪೋ, ಅಡುಗೆ ಎಲ್ಲಿ ಮಾಡುತ್ತಾರೆ. ನಿನಗೆ ತಲೆ ತಿರುಗಿತೇ ಎಂದರು. ಇಲ್ಲ, ಇವರಿಗೆ ಎಂದೆ. ಅವನಿಗೆ ಸಣ್ಣವನಿರುವಾಗಿನಿಂದಲೂ ಹಾಗೆಯೇ, ದೋಣಿ ಕಂಡರೆ ವಾಂತಿ ಎಂದರು. ಅತ್ತೆಯ ತವರು ಹೊಳೆಯಾಚೆಯ ಗಂಗೊಳ್ಳಿ. ಹುಡುಗಿಯಾಗಿದ್ದಾಗಿನಿಂದ ದೋಣಿಯಲ್ಲಿ ಹೊಳೆ ದಾಟಿ ಬೆಳೆದವರು. ಅವರಿಗೆ ತಲೆ ಸುತ್ತಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನಮ್ಮವರು ತಮ್ಮ ಕಾಯಿಲೆಯನ್ನು ತಾಯಿಗೆ ಹೊರಿಸಿದ್ದರು, ನಾನು ಕಣ್ಣು ಮುಚ್ಚಿಕೊಂಡು ಒಪ್ಪಿದ್ದೆ.

ಹೇಳಬಾರದು ಅಂತಲ್ಲ ಅತ್ತೆ, ನಿಮಗೆ ಬೇಜಾರಾದೀತು ಅಂತ ಹೆದರಿ, ಎಂದು ತೊದಲಿದೆ. ಹಡಗು ಎರಡನೇ ಸಲ ಕೊಂಬು ಊದಿತು. ಅದು ನಿಲ್ಲುವವರೆಗೆ ಕಾದು ಅತ್ತೆ ತಮ್ಮ ಒಂದು ಪ್ರಶ್ನೆ ಹಾಕಿದರು.

"ಒಂದ್ ಮಾತ್ ಕೇಂಡಿದ್ರೆ, ನಾನ್ ಬತ್ತಿಲ್ಲೆ ಅಂತಿದ್ನಾ?"

ಸಿಟ್ಟಿನಲ್ಲಿ ಕೇಳಿದ್ದಲ್ಲ. ಕಾರ್ಡು ಮುಗಿದು ಫೋನು ಕಡಿದುಹೋಯಿತು.

ಹಡಗಿಗೆ ಓಡಿದೆವು. ದಾರಿಯಲ್ಲಿ, ಅತ್ತೆ ಏನು ಕೇಳಿದರು ಎಂದು ನಮ್ಮವರಿಗೆ ಹೇಳಿದೆ. ಅವರು ಓಡುವುದನ್ನು ನಿಲ್ಲಿಸಿ, ಆಮೇಲೆ ನಡೆದೇ ಬಂದರು. ಕೋಣೆಯ ಬಾಗಿಲು ತೆರೆದರೆ ಮೂರನೇ ಮಂಚದ ಮೇಲೆ, ಕಿಟಕಿಯ ಪಕ್ಕ, ಸಮುದ್ರ ಚೆನ್ನಾಗಿ ಕಾಣುವ ಜಾಗದಲ್ಲಿ ಪೆಟ್ಟಿಗೆ ಕೂತಿತ್ತು. ಮೇಲೆ ದೊಡ್ಡ ಅಕ್ಷರದಲ್ಲಿ ಅತ್ತೆಯ ಹೆಸರು. ಪೆಟ್ಟಿಗೆಯ ಬುಡದಲ್ಲಿ ಸ್ಟೂವರ್ಡು ದಿನಾ ಬದಲಿಸಿ ಇಡುತ್ತಿದ್ದ ಮೂರನೇ ಟವೆಲು. ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಭಟ್ಕಳದ ಅಕ್ಕ, ಮ್ಯಾನೇಜರು, ಈ ಬಿಳಿ ಮೀಸೆಯವನು, ಎಲ್ಲರಿಗೂ ಅತ್ತೆ ಬರಬಹುದು ಅನ್ನಿಸಿತ್ತು. ನಮಗಿಬ್ಬರಿಗೆ ಮಾತ್ರ ಅನ್ನಿಸಿರಲಿಲ್ಲ. ಊರಿಗೆ ಹೋದಾಗ ನಾವು ನೋಡಿಬರಬೇಕಾದವರು ಅವರು. ಅವರಿಗೂ ಏನಾದರೂ ನೋಡಬೇಕೆಂದು ಇದ್ದೀತು ಎಂಬುದು ನಮ್ಮ ತಲೆಯಲ್ಲೇ ಇರಲಿಲ್ಲ.

ಆ ಸಂಜೆ ಊಟಕ್ಕೆ ಮೇಜಿನ ಮೇಲೆ ಎರಡೇ ತಟ್ಟೆ ಇದ್ದವು. ಕೊನೆಯ ದಿನ, ಇನ್ನು ಮೇಡಂ ಬರಲಾರರು ಎಂದು ಸ್ಟೂವರ್ಡೂ ಕೈಬಿಟ್ಟಿದ್ದ. ನಮ್ಮವರು ಅವನನ್ನು ಕರೆದು ಮೂರನೇ ತಟ್ಟೆ ಇಡು ಎಂದು ಕೈಸನ್ನೆ ಮಾಡಿದರು. ಅವನು ಬಾಗಿಲ ಕಡೆ ನೋಡಿದ. ನಮ್ಮವರು ತಲೆ ತಗ್ಗಿಸಿದರು. ಅವನಿಗೆ ಏನು ಅರ್ಥವಾಯಿತೋ, ತಟ್ಟೆ ತಂದಿಟ್ಟು, ನಮ್ಮವರ ಭುಜ ತಟ್ಟಿ ಹೋದ.

ಮುಂದಿನ ಏಪ್ರಿಲಿನಲ್ಲಿ ಊರಿಗೆ ಹೋದೆವು. ತಿಳಿ ನೀಲಿ ಸೀರೆ ಗ್ರೀಸು ನೋಡಿಕೊಂಡು ಕುಂದಾಪುರ ಸೇರಿತು. ಹಪ್ಪಳದ ಹಿಟ್ಟು ಕುಟ್ಟುವ ಹೆಂಗಸರ ನಡುವೆ ಕೂತು, ಫೋಟೋಗಳನ್ನು ಹರಡಿಕೊಂಡು, ನಾನು ಎಲ್ಲವನ್ನೂ ಹೇಳಿಬಿಟ್ಟೆ. ಪೆಟ್ಟಿಗೆ, ಮೂರನೇ ಮಂಚ, ಮೂರು ಟವೆಲು, ಕಟ್ಟೆಯ ಮೇಲೆ ಅವರಿಗಾಗಿ ಕಾದ ಮೀಸೆಯವನು, ಏನೂ ಮುಚ್ಚಿಡಲಿಲ್ಲ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಾನು ಹಡಗಿನ ಚಕ್ರ ಹಿಡಿದ ಫೋಟೋವನ್ನು ಸೆರಗಿನಿಂದ ಒರೆಸಿ, ಗೋಡೆಯ ಕ್ಯಾಲೆಂಡರಿನ ಸಂದಿಗೆ ಸಿಕ್ಕಿಸಿದರು. ನಗು ನಿಂತ ಮೇಲೆ ಮತ್ತೆ ಹಿಟ್ಟು ನಾದತೊಡಗಿದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಗ್ರೀಸಿಗೆ ಅವರನ್ನು ಕರೆದೊಯ್ಯಲು ನಮ್ಮಿಂದ ಆಗಲಿಲ್ಲ. ಮ್ಯಾನೇಜರು ಕಂಪನಿ ಬಿಟ್ಟು ಹೋದರು, ಬಿಟ್ಟಿ ಕೋಣೆ ಅವರ ಜೊತೆಗೇ ಹೋಯಿತು. ಆದರೆ ಆ ವರ್ಷ ಚಳಿಗಾಲದಲ್ಲಿ ಅವರಿಗೆ ವಿಸಿಟ್ ವೀಸಾ ಮಾಡಿಸಿದೆವು. ಅರ್ಜಿಯನ್ನು ನಾನೇ ಬಡಿದೆ. ಅದಕ್ಕೂ ಮೊದಲು, ಈ ಸಲ ಅವರನ್ನೇ ಕೇಳಿದೆ, ಬರುತ್ತೀರಾ ಎಂದು. ಯಾವ ಬಟ್ಟೆ ತರಬೇಕು ಎಂಬುದೇ ಉತ್ತರ. ದುಬೈ ಊರೊಳಗೆ ನುಗ್ಗಿದ ಸಮುದ್ರದ ಕ್ರೀಕಿನಲ್ಲಿ ಅಬ್ರಾ ದೋಣಿ ಹತ್ತಿಸಬೇಕು, ದಡದಲ್ಲಿ ಸಾಲಾಗಿ ನಿಂತ ಮರದ ಹಡಗುಗಳನ್ನು ತೋರಿಸಬೇಕು ಎಂದೆಲ್ಲ ಯೋಜನೆ ಹಾಕಿದೆವು. ನಮ್ಮ ಒಂದೇ ಮಲಗುವ ಕೋಣೆಯ ಫ್ಲ್ಯಾಟಿನ ಹಾಲಿನಲ್ಲಿ, ಕಿಟಕಿಯ ಪಕ್ಕ, ಹೊಸ ಮಡಚುವ ಮಂಚ ಹಾಕಿ ಹೊಸ ಚಾದರ ಹಾಸಿದೆ.

ವಿಮಾನ ನಿಲ್ದಾಣದಿಂದ ಬಂದಾಗ ಅತ್ತೆಯ ಜೊತೆ ಅವರದೇ ಒಂದು ಪೆಟ್ಟಿಗೆ, ತೆಂಗಿನಕಾಯಿ, ಹಪ್ಪಳ, ಕುಚ್ಚಲಕ್ಕಿ ತುಂಬಿದ್ದು, ತೆಂಗಿನ ನಾರಿನ ಹಗ್ಗ ಬಿಗಿದದ್ದು. ಅದರ ಮೇಲೆ ಮೊಮ್ಮಗಳ ಕೈಯಲ್ಲಿ ಬರೆಸಿದ್ದ ಹೆಸರು ನನ್ನದು. ಭಟ್ಕಳದ ಅಕ್ಕ ಬಾಗಿಲಲ್ಲೇ ಕಾದಿದ್ದು ಅತ್ತೆಯನ್ನು ತಬ್ಬಿಕೊಂಡರು. ಇಬ್ಬರೂ ಮೆಟ್ಟಿಲ ಬಳಿ ನಿಂತು ಮಾತಿಗೆ ತೊಡಗಿದರು. ನಮ್ಮವರು ಏದುಸಿರು ಬಿಡುತ್ತ ಪೆಟ್ಟಿಗೆ ಹೊತ್ತು ಒಳಗೆ ಬಂದು, ಎಲ್ಲಿಡುವುದೆಂದು ನೋಡಿ, ಖಾಲಿ ಕಂಡ ಒಂದೇ ಜಾಗದಲ್ಲಿ ಇಳಿಸಿದರು.

ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಿಟಕಿ ನೋಡಿದರು, ಮಸೀದಿ ನೋಡಿದರು, ಹೊಸ ಚಾದರದ ನಟ್ಟನಡುವೆ ಕೂತ ಪೆಟ್ಟಿಗೆಯನ್ನು ನೋಡಿದರು. ಮಗನ ಕಡೆ ತಿರುಗಿದರು.

"ಈ ಮಂಚ ನಂಗಾ, ಪೆಟ್ಟಿಗಿಗಾ?"

ನಮ್ಮವರು ಪೆಟ್ಟಿಗೆಯನ್ನು ಎತ್ತಿ ನೆಲಕ್ಕಿಟ್ಟರು.